ಚಿಕ್ಕಮಾದಮ್ಮನ ಕೈಗುಣ

ನಮ್ಮ ಕಡೆ ಒಬ್ಬರ ಕೈಯಲ್ಲಿ ಬೀಜ ಹಾಕಿಸಿದರೆ ಏಳುತ್ತದೆ, ಇನ್ನೊಬ್ಬರ ಕೈಯಲ್ಲಿ ಹಾಕಿಸಿದರೆ ಏಳುವುದಿಲ್ಲ ಎಂದು ಜನ ನಂಬುತ್ತಾರೆ. ಅದಕ್ಕೆ ಕೈಗುಣ ಅನ್ನುತ್ತಾರೆ. ಡಾಕ್ಟರಿಗೂ ಕೈಗುಣ, ಸೂಲಗಿತ್ತಿಗೂ ಕೈಗುಣ, ಉಪ್ಪಿನಕಾಯಿ ಹಾಕುವವಳಿಗೂ ಕೈಗುಣ. ನಮ್ಮ ಅತ್ತೆ ಚಿಕ್ಕಮಾದಮ್ಮನ ಕೈಗುಣ ಭತ್ತದ ಒಟ್ಲಿಗೆ. ಒಟ್ಲು ಎಂದರೆ ನಾಟಿಗೆ ಮೊದಲು ಪೈರು ಬೆಳೆಸಿಕೊಳ್ಳುವ ಮಡಿ. ಅತ್ತೆ ಬೀಜ ಚೆಲ್ಲಿದ ಒಟ್ಲು ಎಂಥ ಮಾಗಿ ಚಳಿಯಲ್ಲೂ ಹಸಿರಾಗಿ ನಿಲ್ಲುತ್ತದೆ ಎಂಬ ಮಾತು ಬನ್ನೂರಿನಿಂದ ನರಸೀಪುರದವರೆಗೆ ನಾಲೆ ಬದಿಯ ಊರುಗಳಲ್ಲೆಲ್ಲ ಇತ್ತು. ನಾನಂತೂ ಈ ಕೈಗುಣವನ್ನು ಯಾವತ್ತೂ ನಂಬಿದವಳಲ್ಲ. ರೋಜಾಗೆ ನಂಬಿಕೆ ಕಡಿಮೆ, ಬಾಯಿ ಜಾಸ್ತಿ ಎಂದು ನಮ್ಮವ್ವನೇ ಹೇಳುತ್ತಿದ್ದಳು. ಆದರೆ ಆ ಕೈಗುಣದ ಗತಿ ಏನಾಯಿತು ಎಂಬುದನ್ನು ಪಕ್ಕದಲ್ಲಿ ನಿಂತು ನೋಡಿದವಳು ನಾನೊಬ್ಬಳೇ. ಆದ್ದರಿಂದ ಹೇಳುವುದೂ ನನ್ನ ಪಾಲಿಗೇ ಬಂದಿದೆ.

ಅತ್ತೆ ನನ್ನ ಸೋದರಮಾವ ಸಿದ್ದಯ್ಯನ ಹೆಂಡತಿ. ನಮ್ಮವ್ವ ತಾನು ಹುಟ್ಟಿದ ಊರಿಗೇ ಸೊಸೆಯಾದವಳು, ಹಾಗಾಗಿ ಮಾವನ ಮನೆಯೂ ನಮ್ಮ ಮನೆಯೂ ಒಂದೇ ಬೀದಿಯಲ್ಲಿ ಎದುರುಬದುರು. ಅತ್ತೆಯ ತವರು ಮುಡುಕುತೊರೆ. ಅವಳ ತಾಯಿ ಹೊಳೆದಂಡೆಯ ಮರಳುಮಣ್ಣಿನಲ್ಲಿ ಮೆಣಸಿನ ಸಸಿ, ಬದನೆ ಸಸಿ ಬೆಳೆಸಿ ಸಂತೆಗೆ ಹೊರುತ್ತಿದ್ದಳಂತೆ. ಮಾಗಿಯಲ್ಲಿ ಹೊಳೆಯ ಮೇಲಿಂದ ಮಂಜು ಎದ್ದು ದಂಡೆಗೆಲ್ಲ ಹರಡುತ್ತದೆ. ಅಲ್ಲಿ ಎಳೆ ಸಸಿ ಉಳಿಸಬೇಕಾದರೆ ಕೋಳಿ ಕೂಗುವ ಹೊತ್ತಿಗೆ ಎದ್ದು ಒದ್ದಾಡಬೇಕು. ಆ ಒದ್ದಾಟವನ್ನೆಲ್ಲ ಅತ್ತೆ ಚಿಕ್ಕಂದಿನಿಂದ ನೋಡಿ, ಮಾಡಿ ಬಂದವಳು. ಕಸ ಗುಡಿಸಿದ ಹಾಗೆ, ಮುಸುರೆ ತಿಕ್ಕಿದ ಹಾಗೆ, ಅದೂ ಎಲ್ಲರ ಮನೆಯಲ್ಲೂ ಇರುವ ಕೆಲಸ ಎಂದು ಅವಳು ತಿಳಿದಿದ್ದಳು. ಇವತ್ತು ಪಾತ್ರೆ ತೊಳೆದೆ ಎಂದು ಯಾರಾದರೂ ಊರಿಗೆಲ್ಲ ಹೇಳಿಕೊಂಡು ಬರುತ್ತಾರೆಯೇ? ಅವಳೂ ಹೇಳಲಿಲ್ಲ.

ಊರಲ್ಲಿ ನಾಲೆ ಕೆಳಗೆ ಹೆಚ್ಚು ಗದ್ದೆ ಇದ್ದದ್ದು ಚಲುವಯ್ಯನವರ ಮನೆಗೆ. ಅತ್ತೆ ಮದುವೆಯಾಗಿ ಬಂದ ವರ್ಷವೇ ಅವರ ಬೇಸಿಗೆ ಭತ್ತದ ಒಟ್ಲಿಗೆ ಕೂಲಿಗೆ ಹೋಗಿದ್ದಳು. ಪ್ರತಿವರ್ಷ ಮೊದಲ ಹಿಡಿ ಬೀಜ ಹಾಕುತ್ತಿದ್ದ ಹಿರಿಯರು ಅವತ್ತು ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದರು. ಮೊಳಕೆ ಬಂದ ಬೀಜ ಕಾಯುವುದಿಲ್ಲ. 'ಹೊಸದಾಗಿ ಬಂದವಳೆ, ತುಂಬಿದ ಕೈ, ಇವಳೇ ಹಾಕ್ಲಿ' ಎಂದು ಚಲುವಯ್ಯನವರ ತಾಯಿ ಅತ್ತೆಯ ಕೈಗೆ ಕುಕ್ಕೆ ಕೊಟ್ಟರು. ಆ ವರ್ಷ ಚಳಿ ಜೋರು. ಊರಿನ ಮಿಕ್ಕ ಒಟ್ಲುಗಳು ಹಳದಿಗೆ ತಿರುಗಿ ಕೂತವು. ಇದೊಂದು ಹಸಿರಾಗಿ ಎದ್ದಿತು. ಅತ್ತೆ ದಿನಾ ಬೆಳಗಿನ ಜಾವ ಅಲ್ಲಿ ಹೋಗಿ ಏನು ಮಾಡುತ್ತಿದ್ದಳು ಎಂದು ಯಾರೂ ನೋಡಲಿಲ್ಲ, ಆ ಹೊತ್ತಿನಲ್ಲಿ ಎಲ್ಲರೂ ಕಂಬಳಿಯೊಳಗೆ. ಕಂಡದ್ದು ಅವಳು ಬೀಜ ಚೆಲ್ಲಿದ್ದು ಮಾತ್ರ. ಅಜ್ಜಿಯ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಅನ್ನುವ ಲೆಕ್ಕದಲ್ಲಿ ಊರು ತೀರ್ಮಾನ ಮಾಡಿಬಿಟ್ಟಿತು.

ಅಲ್ಲಿಂದ ಮುಂದೆ ಪ್ರತಿ ಮಾಗಿಯಲ್ಲೂ ಅದೇ ಕಟ್ಟಳೆ. ಮಡಿಯ ಮೂಲೆಯಲ್ಲಿ ಸಗಣಿಯ ಬೆನಕ ಇಟ್ಟು ಗರಿಕೆ ಸಿಕ್ಕಿಸುವುದು, ಚಲುವಯ್ಯನವರ ಹೆಂಡತಿ ಪುಟ್ಟಗೌರಮ್ಮ ಬಂದು ಅತ್ತೆಗೆ ಅರಿಶಿನ ಕುಂಕುಮ ಕೊಡುವುದು, ಅತ್ತೆ ಪೂರ್ವಕ್ಕೆ ಮುಖ ಮಾಡಿ ಬೀಜ ಚೆಲ್ಲುವುದು. ನಮ್ಮ ಬೀದಿಯವರ ಕೈಯ ನೀರು ಆಗದವರಿಗೂ ಅತ್ತೆಯ ಕೈಯ ಬೀಜ ಆಗುತ್ತಿತ್ತು. ಇದಕ್ಕೆ ಕೂಲಿ ಎಂದರೆ ಪೈರು. ನಾಲೆ ತುದಿಯಲ್ಲಿ ಮಾವನಿಗಿದ್ದ ಒಂದು ತುಂಡು ಗದ್ದೆ ನಾಟಿಯಾಗುವಷ್ಟು ಪೈರನ್ನು ಅತ್ತೆ ಅದೇ ಒಟ್ಲಿನಿಂದ ಕಿತ್ತುಕೊಳ್ಳಬಹುದಾಗಿತ್ತು. ಆ ಗದ್ದೆಯ ಭತ್ತವೇ ಅವರ ಮನೆಯ ವರ್ಷದ ಅನ್ನ.

ತಮಾಷೆ ಎಂದರೆ ಅತ್ತೆಯೂ ತನ್ನ ಕೈಗುಣವನ್ನು ಊರಿನವರಷ್ಟೇ ಗಟ್ಟಿಯಾಗಿ ನಂಬಿದ್ದಳು. ಒಟ್ಲಿನ ದಿನಗಳಲ್ಲಿ ಬಲಗೈಯಲ್ಲಿ ಪೊರಕೆ ಮುಟ್ಟುತ್ತಿರಲಿಲ್ಲ. ನಾನೊಮ್ಮೆ ರೇಗಿಸಿದ್ದಕ್ಕೆ ಮುಖ ಗಂಟು ಹಾಕಿಕೊಂಡು, "ಕೈ ಅನ್ನೋದು ದ್ಯಾವ್ರು ಕೊಟ್ಟಿದ್ದು ಕಣವ್ವ. ಚಾಕ್ರಿ ಯಾರ್ ಬೇಕಾದ್ರೂ ಮಾಡ್ತರೆ" ಅಂದಿದ್ದಳು. ಯಾರು ಬೇಕಾದರೂ ಮಾಡುವ ಆ ಚಾಕರಿಯನ್ನು ಊರಲ್ಲಿ ಇನ್ನೊಬ್ಬರು ಮಾಡುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ತೊಂಬತ್ತಾರನೇ ಇಸವಿ ಕಾರ್ತಿಕದಲ್ಲಿ ಮಾವನಿಗೆ ಕಾಮಾಲೆಯಾಯಿತು. ಮೊದಲು ಸೊಪ್ಪಿನ ಔಷಧಿ, ಆಮೇಲೆ ನರಸೀಪುರದ ಆಸ್ಪತ್ರೆ, ಕಡೆಗೆ ಮೈಸೂರು. ಮೈಸೂರಿನಿಂದ ಹೆಣವಾಗಿ ಬಂದ. ಮಾತು ಕಡಿಮೆಯ ಮನುಷ್ಯ, ಇದ್ದಾಗಲೂ ಮನೆಯಲ್ಲಿ ಅವನ ಸದ್ದು ಇರುತ್ತಿರಲಿಲ್ಲ. ಹೋದ ಮೇಲೆ ಬೀದಿಯೇ ಬಿಕೋ ಅನ್ನಿಸಿತು. ಮಗಳು ದೇವನೂರಿನಿಂದ ಬಂದು ತಿಥಿ ಮುಗಿಸಿಕೊಂಡು ಹೋದಳು. ಅತ್ತೆಯ ಕೈಯ ಬಳೆ ಒಡೆದರು. ಬಳೆ ಇಲ್ಲದ ಆ ಕೈಯನ್ನು ಅವಳು ಯಾರದೋ ಕೈ ಎಂಬ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದಳು.

ಒಟ್ಲು ಹಾಕುವ ಕಾಲ ಬಂತು. ಪುಟ್ಟಗೌರಮ್ಮ ತಾವೇ ನಮ್ಮ ಬೀದಿಯ ತುದಿಯವರೆಗೆ ಬಂದು ಅತ್ತೆಯನ್ನು ಕರೆಸಿದರು. ಕೆಟ್ಟ ಹೆಂಗಸಲ್ಲ, ಮಾತು ಮೃದು. ಮೃದು ಮಾತಿನಿಂದಲೇ ಕುತ್ತಿಗೆ ಕೊಯ್ಯಬಹುದು ಎಂದು ನನಗೆ ಅವತ್ತು ಗೊತ್ತಾಯಿತು.

"ಈ ವರ್ಷ ನೀನು ಸುಧಾರಿಸ್ಕೊ ಚಿಕ್ಕಮಾದಮ್ಮ. ಒಟ್ಲು ನಾವು ಹೆಂಗೋ ಮಾಡ್ಕೊಂತೀವಿ. ಕೆಂಪಯ್ಯನ ಕೈಲಿ ಬೀಜ ಹಾಕ್ಸೋಣ ಅಂತ ನಮ್ಮೋರು ಅಂದ್ರು."

"ಊಂ ಕಣಮ್ಮೋರೆ," ಅಂದಳು ಅತ್ತೆ. "ನಂಗೂ ಅದೇ ಸರಿ ಅನ್ನುಸ್ತು. ಈ ಕೈಲಿ ಇನ್ ಯಾಕೆ."

ನನಗೆ ಮೈಯೆಲ್ಲ ಉರಿಯಿತು. ಅವರು ಬೇಡ ಅಂದದ್ದಕ್ಕಲ್ಲ, ಇವಳು ಊಂ ಅಂದದ್ದಕ್ಕೆ. ಮನೆಗೆ ಬಂದ ಮೇಲೆ ಜಗಳವನ್ನೇ ಆಡಿದೆ. ಬೀಜಕ್ಕೆ ನಿನ್ನ ಕುಂಕುಮ ಕಾಣುತ್ತದೆಯೇ ಅಂದೆ. ಪೈರು ಇಲ್ಲದಿದ್ದರೆ ಗದ್ದೆಗೆ ಏನು ನೆಡುತ್ತೀಯ, ಮುಂದಿನ ವರ್ಷ ಏನು ತಿನ್ನುತ್ತೀಯ ಅಂದೆ. "ನನ್ ಕೈ ಅವರ ಜೊತ್ಗೇ ಓಯ್ತು ಕಣ್ ರೋಜ. ಗೊತ್ತಾಯ್ತದೆ ನಂಗೆ" ಅಂದಳು. ಅನ್ನದ ಚಿಂತೆಗಿಂತ ಹೆಚ್ಚಾಗಿ ಅವಳನ್ನು ತಿನ್ನುತ್ತಿದ್ದದ್ದು ಇದು. ಊರು ಅವಳನ್ನು ಹೆಸರು ಹಿಡಿದು ಕರೆಯಲು ಇದ್ದದ್ದು ಆ ಒಂದೇ ಕಾರಣ, ಅದು ಇನ್ನಿಲ್ಲ ಎಂದು ಅವಳೇ ತೀರ್ಮಾನಿಸಿದ್ದಳು.

ಕೆಂಪಯ್ಯ ಬಂದ. ಗಂಡು ಹೆಣ್ಣು ಮಕ್ಕಳು, ಮೊಮ್ಮಕ್ಕಳು ಎಲ್ಲ ಇರುವ ತುಂಬಿದ ಮನೆಯ ಯಜಮಾನ. ಪಂಚೆ ಎತ್ತಿ ಕಟ್ಟಿ, ಬೆನಕನಿಗೆ ಕೈಮುಗಿದು, ಬೀಜ ಚೆಲ್ಲಿ, ಪಾಯಸ ಉಂಡು ಮನೆಗೆ ಹೋದ. ಅವನ ತಪ್ಪೇನೂ ಇಲ್ಲ. ಬೀಜ ಹಾಕಿ ಅಂದರು, ಹಾಕಿದ.

ಆ ವರ್ಷದ ಮಾಗಿಯೂ ಜೋರಾಗಿಯೇ ಬಂತು. ಸಂಕ್ರಾಂತಿಗೆ ಮೊದಲೇ ಒಟ್ಲಿನ ಪೈರು ಬೆರಳುದ್ದಕ್ಕೆ ನಿಂತುಹೋಯಿತು. ತುದಿ ಕೆಂಪಾಯಿತು, ಮೈ ಹಳದಿಯಾಯಿತು. ಹಳದಿ ಕಂಡರೆ ನಮ್ಮ ರೈತರಿಗೆ ತೋಚುವ ಮದ್ದು ಒಂದೇ, ಯೂರಿಯಾ. ಚಲುವಯ್ಯನವರು ಯೂರಿಯಾ ಎರಚಿದರು. ಚಳಿಗೆ ಮುದುರಿಕೊಂಡು ಕೂತವನ ಬಾಯಿಗೆ ಹೋಳಿಗೆ ತುರುಕಿದರೆ ಅವನು ತಿನ್ನುತ್ತಾನೆಯೇ? ಪೈರೂ ತಿನ್ನಲಿಲ್ಲ. ಇನ್ನಷ್ಟು ಸುಟ್ಟಿತು.

ನಾನು ಆಗ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಆರ್ಡರ್ ಇಲ್ಲವೆಂದು ಆ ಮಾಗಿಯ ಮೊದಲಿನಿಂದಲೇ ನಮ್ಮನ್ನು ಮನೆಗೆ ಕಳಿಸಿದ್ದರು. ಒಂದು ಸಂಜೆ ಅತ್ತೆ ನಮ್ಮ ಜಗಲಿಗೆ ಬಂದು ಕೂತಳು. ಹುಲ್ಲು ಕೊಯ್ಯಲು ದಿನಾ ಆ ಒಟ್ಲಿನ ಬದುವಿನ ಮೇಲೆ ಹೋಗುತ್ತಿದ್ದವಳು.

"ನಾಳೆ ಒತ್ತಾರೆ ಒಸಿ ನಂಜೊತೆ ಬತ್ತೀಯಾ ಮಗ?"

"ಎಲ್ಲಿಗತ್ತೆ?"

"ಚಲುವಯ್ಯಾರ ಒಟ್ಲು ಸಾಯ್ತಾ ಅದೆ. ಕಣ್ಣಲ್ಲಿ ನೋಡಾಕಾಗಕಿಲ್ಲ. ನಾನ್ ಮುಟ್ಟಂಗಿಲ್ಲ, ನೀನ್ ಮುಟ್ಬೈದು."

ಇನ್ನೂ ಮಬ್ಬುಗತ್ತಲು ಇರುವಾಗಲೇ ಹೋದೆವು. ಅಂಥ ಚಳಿಯಲ್ಲಿ ಗದ್ದೆಗೆ ಇಳಿದದ್ದು ನಾನು ಅದೇ ಮೊದಲು. ಹಲ್ಲು ಕಟಕಟ ಅನ್ನುತ್ತಿತ್ತು. ಅತ್ತೆ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಬಿಗಿಯಾಗಿ ಎದೆಗೆ ಒತ್ತಿಕೊಂಡಿದ್ದಳು. ಚಳಿಗೆ ಅಂದುಕೊಂಡೆ. ಚಳಿಗಲ್ಲ. ಮಡಿಯ ಬಾಯಿಯ ಹತ್ತಿರ ಹೋಗಿ, ಕಾಲಿನ ಹಿಮ್ಮಡಿಯಿಂದ ಮಣ್ಣನ್ನು ಒದ್ದು ಒದ್ದು ಕಿತ್ತಳು. ನಿಂತ ನೀರು ಗುಳುಗುಳು ಎಂದು ಕಾಲುವೆಗೆ ಇಳಿಯಿತು. ಮುಟ್ಟಿ ನೋಡಿದೆ, ಬೆರಳು ಮರಗಟ್ಟಿತು.

"ರಾತ್ರಿಯೆಲ್ಲ ತಣ್ಗಾಗಿರ್ತದೆ ಈ ನೀರು," ಅಂದಳು. "ಇದು ಬುಡ್ದಲ್ಲಿ ನಿಂತ್ರೆ ಎಳೆ ಬೇರು ಸೆಡ್ತುಕೊಂಡು ಕುಂತ್ಕತದೆ. ಒತ್ತಾರೆ ಬುಟ್ಬುಡ್ಬೇಕು. ಸಂಜೀಕೆ, ಬಿಸ್ಲು ಉಂಡಿರೋ ಕಾಲ್ವೆ ನೀರ ತುಂಬ್ಸುದ್ರೆ ಅದೇ ಕಂಬ್ಳಿ ಇದ್ದಂಗೆ ಪೈರ್ಗೆ."

"ಕೈಯಲ್ಲಿ ತೆಗೀಬಾರ್ದಾ ಅತ್ತೆ? ಕಾಲು ಕೊಯ್ಕಂತದೆ."

"ಬ್ಯಾಡ. ಕೈ ಸೋಕ್ಬಾರ್ದು. ಉಳ್ದಿರೋದೂ ಓಗ್ಬುಡ್ತದೆ."

ಆಮೇಲೆ ಹಳೆ ಸೀರೆ ಹರಿದು ಹೊಸೆದ ಹಗ್ಗವನ್ನು ಬಗಲಿನಿಂದ ಕೆಳಕ್ಕೆ ಬೀಳಿಸಿದಳು. ಎಲೆಯ ತುದಿತುದಿಯಲ್ಲೂ ಇಬ್ಬನಿ ಕೂತಿತ್ತು. ಅದು ಹಾಗೇ ಕೂತರೆ ಎಲೆ ಸುಡುತ್ತದಂತೆ, ಬಿಸಿಲು ಬೀಳುವುದರೊಳಗೆ ಉದುರಿಸಿಬಿಡಬೇಕಂತೆ. ಮಡಿ ಅಗಲ, ಒಬ್ಬರಿಂದ ಆಗುವ ಕೆಲಸವಲ್ಲ. ಆ ಬದಿಯ ಬದುವಿನಲ್ಲಿ ಒಬ್ಬರು, ಈ ಬದಿಯ ಬದುವಿನಲ್ಲಿ ಒಬ್ಬರು ಹಗ್ಗ ಹಿಡಿದು, ಎಲೆಯ ಮೇಲೆ ಸವರಿಕೊಂಡು ನಡೆಯಬೇಕು. ಒಂದು ತುದಿ ನನಗೆ. ಇನ್ನೊಂದು ತುದಿಯನ್ನು ಅವಳ ಸೊಂಟಕ್ಕೆ ನನ್ನ ಕೈಯಲ್ಲೇ ಕಟ್ಟಿಸಿಕೊಂಡಳು. ಹಗ್ಗ ತಗ್ಗಿಸಬೇಕಾದರೆ ಮೊಣಕಾಲು ಬಗ್ಗಿಸುವಳು, ಏರಿಸಬೇಕಾದರೆ ನೆಟ್ಟಗಾಗುವಳು. ಕಟ್ಟಿಹಾಕಿದ ಕರುವಿನ ಹಾಗೆ ಬದುವಿನ ಮೇಲೆ ಅಡ್ಡಡ್ಡ ಹೆಜ್ಜೆ ಹಾಕುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಮಾವ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಸಂಜೆ ಮತ್ತೆ ಹೋಗಿ ನೀರು ಕಟ್ಟಿದೆವು. ಕಟ್ಟಿದ್ದು ನಾನು, ಎಲ್ಲಿ ಎಷ್ಟು ಮಣ್ಣು ಇಡಬೇಕು ಎಂದು ಅವಳು ಗದ್ದದಿಂದ ತೋರಿಸಿದಳು. ನಮ್ಮಿಬ್ಬರ ಮನೆಯ ಒಲೆಯ ಬೂದಿಯನ್ನು ಜರಡಿ ಹಿಡಿದು ಮಂಕರಿಯಲ್ಲಿ ತಂದು ಮಡಿಯ ಮೇಲೆ ತೆಳ್ಳಗೆ ಉದುರಿಸಿದೆ. ಬೂದಿ ಬಿದ್ದ ಮಣ್ಣು ಬಿಸಿಲನ್ನು ಚೆನ್ನಾಗಿ ಹಿಡಿಯುತ್ತದೆ ಎಂಬುದು ಅವಳ ತಾಯಿಯ ಮಾತು. ಹೀಗೆ ದಿನಾ ನಡೆಯಿತು. ಯಾರೂ ನೋಡಲಿಲ್ಲ. ನೋಡಿದ್ದರೂ ಹುಲ್ಲಿಗೆ ಬಂದವರು ಅಂದುಕೊಂಡಿರಬೇಕು. ನಮ್ಮವ್ವ ಮಾತ್ರ, ಕೂಲಿಯೂ ಇಲ್ಲ ಹೇಳಿಕೆಯೂ ಇಲ್ಲ, ಊರಿನವರ ಒಟ್ಲಿಗೆ ನೀವು ಯಾಕೆ ಸಾಯುತ್ತೀರಿ ಎಂದು ಗೊಣಗುತ್ತಿದ್ದಳು. ಸಾಯುತ್ತಿರುವುದನ್ನು ನೋಡಿಕೊಂಡು ಹೋಗಲು ಅತ್ತೆಯಿಂದ ಆಗುತ್ತಿರಲಿಲ್ಲ, ಅಷ್ಟೇ.

ಪೈರು ತಿರುಗಿತು. ಮೊದಲು ನಡುಸುಳಿಯಲ್ಲಿ ಒಂದು ಗೆರೆ ಹಸಿರು, ಆಮೇಲೆ ಹೊಸ ಎಲೆ. ಸಂಕ್ರಾಂತಿ ಕಳೆದು ನಾಟಿಯ ಹೊತ್ತಿಗೆ ಮೊಳಕಾಲೆತ್ತರ ಅಲ್ಲದಿದ್ದರೂ ಗೇಣಿನ ಮೇಲೆ ಬಂದಿತ್ತು, ದಪ್ಪ ಬುಡ, ಗಟ್ಟಿ ಕಡ್ಡಿ. ಅತ್ತೆಗೆ ಎಷ್ಟು ಸಂತೋಷವಾಯಿತೆಂದರೆ, ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಸುಮ್ಮನೆ ನೋಡುತ್ತಿದ್ದಳು. ಕೈ ಮಾತ್ರ ಆಗಲೂ ಸೆರಗಿನೊಳಗೇ.

ನಾಲ್ಕು ದಿನ ಬಿಟ್ಟು ನಾಲೆಯ ಸೋಪಾನದಲ್ಲಿ ಬಟ್ಟೆ ಒಗೆಯುತ್ತಿದ್ದೆವು. ಮೇಲಿನ ಕಲ್ಲಿನಲ್ಲಿ ಊರ ಕಡೆಯ ಹೆಂಗಸರು, ಕೆಳಗಿನ ಕಲ್ಲಿನಲ್ಲಿ ನಾವು. ಅವರಲ್ಲಿ ಒಬ್ಬಳು ಹೇಳಿದಳು.

"ಚಲುವಯ್ಯಾರ ಒಟ್ಲು ಸತ್ತೇ ಓಯ್ತು ಅಂದಿದ್ರು, ಎಂಗ್ ಎದ್ದದೆ ನೋಡವ್ವ. ಏನೇ ಅನ್ನು, ಕೆಂಪಯ್ನೋರ ಕೈಗುಣ ಕೈಗುಣವೆ."

"ಇನ್ಮೇಲೆ ವರ್ಸಾ ವರ್ಸಾ ಅವ್ರ ಕೈಲೇ ಆಕ್ಸೋದಂತೆ," ಅಂದಳು ಇನ್ನೊಬ್ಬಳು.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕಾಲು ಕೆಸರಾದದ್ದು ನಮ್ಮದು, ಮೊಸರು ಹೋಗಿ ಬಿದ್ದದ್ದು ಕೆಂಪಯ್ಯನ ಬಾಯಿಗೆ. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ನನ್ನ ತೋಳು ಹಿಡಿದುಕೊಂಡಳು. ಕೈಯಲ್ಲಿ ಹಿಡಿದಳು, ಬಿಗಿಯಾಗಿ. ಅವಳ ಮುಖ ಕೆಂಪಗಾಗಿತ್ತು. ಒಗೆದ ಬಟ್ಟೆಯನ್ನು ಹಿಂಡದೆ ಹಾಗೇ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಹೊರಟಳು. ದಾರಿಯುದ್ದಕ್ಕೂ ಬೆನ್ನ ಮೇಲೆ ನೀರು ಸುರಿಯುತ್ತಿತ್ತು, ಅವಳಿಗೆ ಖಬರಿಲ್ಲ.

ಮನೆಯಲ್ಲಿ ಗೋಡೆಗೆ ಒರಗಿ ತುಂಬಾ ಹೊತ್ತು ಕೂತಳು. ನಾನು ಟೀ ಕಾಯಿಸಿ ಕೊಟ್ಟೆ.

"ಕೆಂಪಯ್ನೋರು ಅವತ್ತೊಂದಿಸ ಬುಟ್ರೆ ಆ ಒಟ್ಲು ಕಡೀಕೆ ಬಂದವ್ರಾ ರೋಜ?"

"ಪಾಯಸ ಉಂಡೋದೋರು ಮತ್ತೆ ಬಂದಿಲ್ಲ."

"ಅವ್ರ ಕೈಲಿ ಆಕಿದ್ ಬೀಜ್ವೇ ಸಾಯ್ತಾ ಇತ್ತು. ಅವ್ರ ಕೈಲಿ ಆಕಿದ್ ಬೀಜ್ವೇ ಬದುಕ್ತು."

"ಊಂ."

"ಅಂಗಾರೆ ಕೈಯಲ್ಲಿ ಏನೂ ಇಲ್ವಲ್ಲ," ಅಂದಳು. ಆಮೇಲೆ ತನ್ನ ಅಂಗೈ ತಿರುಗಿಸಿ ನೋಡಿಕೊಂಡು, "ನನ್ ಕೈಯಲ್ಲೂ ಇರ್ನಿಲ್ಲ" ಅಂದಳು.

ನಾನು ಇಷ್ಟು ವರ್ಷ ಬಡಿದುಕೊಂಡದ್ದು ಅದನ್ನೇ. ಈಗ ಅವಳ ಬಾಯಲ್ಲೇ ಬಂದಾಗ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅವಳು ಅಳುತ್ತಿದ್ದಳು. ದೇವರು ತನ್ನನ್ನು ಹುಡುಕಿ ಕೊಟ್ಟಿದ್ದ ಎಂದುಕೊಂಡಿದ್ದ ಒಂದೇ ಒಂದು ವಸ್ತು ಬರಿ ಚಾಕರಿ ಎಂದು ಗೊತ್ತಾದರೆ ಯಾರಿಗೆ ತಾನೇ ಅಳು ಬರುವುದಿಲ್ಲ? ಆ ಅಳುವಿನಲ್ಲಿ ಒಂದು ಸಮಾಧಾನವೂ ಇತ್ತು ಎಂದು ನನಗೆ ಆಮೇಲೆ ಅನ್ನಿಸಿತು. ಇಲ್ಲದ್ದನ್ನು ಕಳೆದುಕೊಳ್ಳುವ ಹಾಗೂ ಇಲ್ಲವಲ್ಲ. ಟೀ ಆರಿದ ಮೇಲೆ ಕುಡಿದಳು. ಎದ್ದು, ಬಲಗೈಯಲ್ಲಿ ಪೊರಕೆ ಹಿಡಿದು ಮನೆ ಗುಡಿಸಿದಳು.

ಆ ವರ್ಷ ಅವಳ ಗದ್ದೆ ಬೀಳು ಬೀಳಲಿಲ್ಲ. ನಾಟಿ ಮುಗಿದ ಮೇಲೆ ಒಟ್ಲಿನಲ್ಲಿ ಮಿಕ್ಕ ಪೈರನ್ನು ಕೇಳಿದವರಿಗೆ ಇಲ್ಲ ಅನ್ನಬಾರದು ಎಂಬುದು ನಮ್ಮ ಕಡೆಯ ರೂಢಿ. ಮಿಕ್ಕದ್ದನ್ನು ಅತ್ತೆ ತಾನೇ ಕಿತ್ತು, ತಾನೇ ಹೊತ್ತು, ತಾನೇ ನೆಟ್ಟಳು. ನಾನು ಕಾರ್ಖಾನೆಗೆ ವಾಪಸ್ಸಾದೆ. ಹೋಗುವ ದಿನ ಬನ್ನೂರು ಬಸ್ಸಿನಲ್ಲಿ ಪುಟ್ಟಗೌರಮ್ಮ ಪಕ್ಕದ ಸೀಟಿಗೆ ಬಂದು ಕೂತರು. ನಾನು ಬಾಯಿ ಕಟ್ಟಿಕೊಂಡು ಇರುವವಳಲ್ಲ ಎಂದು ಮೊದಲೇ ಹೇಳಿದ್ದೇನೆ. ಹಿಮ್ಮಡಿಯಲ್ಲಿ ಮಡಿ ಒಡೆದದ್ದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡದ್ದು, ಬೂದಿ, ನೀರು, ಎಲ್ಲವನ್ನೂ ಹೇಳಿದೆ. ಅವರು ಕಿಟಕಿಯ ಆಚೆ ಕಬ್ಬಿನ ಗದ್ದೆ ನೋಡುತ್ತಾ ಕೂತಿದ್ದು ಬನ್ನೂರಿನಲ್ಲಿ ಇಳಿದು ಹೋದರು. ಸಿಟ್ಟಾದರೋ ಏನೋ, ಮುಂದಿನ ವರ್ಷ ಅತ್ತೆಗೆ ಸಿಗಬಹುದಾದ ಮಿಕ್ಕ ಪೈರಿಗೂ ಕಲ್ಲು ಹಾಕಿದೆನೋ ಎಂದು ದಾರಿಯುದ್ದಕ್ಕೂ ನನಗೆ ಅದೇ ಯೋಚನೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳಬೇಕೆಂದಿರುವುದು ಇನ್ನೊಂದು ಬೆಳಗ್ಗೆಯದು. ಅತ್ತೆ ಆಮೇಲೂ ಬಹಳ ವರ್ಷ ಒಟ್ಲು ಕಾದಳು. ಭತ್ತದ್ದಷ್ಟೇ ಅಲ್ಲ, ತವರಿನ ಹಾಗೆ ಮೆಣಸಿನ ಸಸಿ, ಟೊಮೆಟೊ ಸಸಿ ಬೆಳೆಸಿ ಬನ್ನೂರು ಸಂತೆಯಲ್ಲಿ ಮಾರಿದಳು. ಕೀಳುವ ಮೊದಲು ಕೆಲವು ದಿನ ನೀರು ನಿಲ್ಲಿಸಿ ಸಸಿಯನ್ನು ಒಣಗಲು ಬಿಡುತ್ತಿದ್ದಳು. ಕೊಳ್ಳುವವರು, ಇದೇನಮ್ಮ ಬಡಕಲು ಸಸಿ ಅನ್ನುತ್ತಿದ್ದರು. "ಕೊಬ್ಬಿದ್ ಸಸಿ ಬಿಸ್ಲು ಕಂಡ್ರೆ ಮಲೀಕತದೆ, ಇದು ನಿಂತ್ಕತದೆ. ಬೇಕಾರೆ ತಕಳಿ, ಬ್ಯಾಡ್ದಿದ್ರೆ ಬುಡಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ಎರಡು ಸಾವಿರದ ಇಸವಿ ದಾಟಿದ ಮೇಲೆ ಹಸಿರು ಬಲೆ ಕಟ್ಟಿ ಪ್ಲಾಸ್ಟಿಕ್ ಟ್ರೇಯಲ್ಲಿ ಸಸಿ ಮಾಡುವ ನರ್ಸರಿಗಳು ಬಂದವು. ಅವಳು ಹೋಗಿ ನೋಡಿ ಬಂದು, ಚೆನ್ನಾಗದೆ, ನಮ್ಮವ್ವಂಗೆ ಇಂಥದ್ದೊಂದು ಬಲೆ ಸಿಕ್ಕಿದ್ದರೆ ಅಷ್ಟು ಒದ್ದಾಡುವುದು ತಪ್ಪುತ್ತಿತ್ತು ಅಂದಳು. ಎರಡು ಸಾವಿರದ ಏಳರಲ್ಲಿ ನಿದ್ದೆಯಲ್ಲೇ ಹೋದಳು. ಮಾವನ ಪಕ್ಕದಲ್ಲೇ ಮಣ್ಣು ಮಾಡಿದೆವು.

ಈಗ ಆ ಬೆಳಗ್ಗೆ. ಬಸ್ಸಿನಲ್ಲಿ ನಾನು ಬಾಯಿ ಬಿಟ್ಟ ಮರುವರ್ಷ, ಒಟ್ಲು ಹಾಕುವ ಕಾಲಕ್ಕೆ ನಾನು ರಜಕ್ಕೆ ಬಂದಿದ್ದೆ. ಪುಟ್ಟಗೌರಮ್ಮ ಬಂದರು. ಈ ಸಲ ಬೀದಿಯ ತುದಿಯಲ್ಲಿ ನಿಲ್ಲಲಿಲ್ಲ, ಅತ್ತೆಯ ಮನೆಯ ಜಗಲಿಯವರೆಗೂ ಬಂದು ಕೂತರು.

"ರೋಜಾ ಎಲ್ಲ ಹೇಳಿದ್ಲು ಚಿಕ್ಕಮಾದಮ್ಮ. ನಮ್ಮನೇಲಿ ಹಿರೇರು ಒಪ್ಪಲ್ಲ, ಬೀಜ ಕೆಂಪಯ್ಯನೇ ಹಾಕ್ಲಿ. ಮಿಕ್ಕಿದ್ದೆಲ್ಲ ನೀನು ನೋಡ್ಕೊ. ಪೈರು ಮೊದ್ಲಿನಂಗೇ ನಿಂಗೆ."

"ಬೀಜ ಯಾರಾರ ಆಕ್ಲಿ, ಅದ್ರಾಗೇನಿಲ್ಲ ಕಣಮ್ಮೋರೆ," ಅಂದಳು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ ಗದ್ದೆ ಮೂಲೇಲಿ ನಿನ್ನೆ ನಾನೂ ಆಕಿವ್ನಿ. ಹಗ್ಲೊತ್ತೇ ಆಕ್ದೆ, ಎಲ್ರೂ ನೋಡುದ್ರು. ಈ ಕೈಲೇ. ನಂಗೀಗ ಪೈರು ಬ್ಯಾಡಿ."

ಪುಟ್ಟಗೌರಮ್ಮ ಅವಳ ಕೈಯನ್ನೇ ನೋಡಿದರು.

"ಮತ್ತೆ ನಮ್ಮ ಒಟ್ಲು?"

"ಕಾಯ್ತೀನಿ ಬುಡಿ. ಆದ್ರೆ ಒಬ್ಳಿಂದ ಆಗೋ ಕೆಲ್ಸ ಅಲ್ಲ ಅದು. ಈ ಮಗ ನಂಜನಗೂಡ್ಗೆ ಓಯ್ತದೆ. ಒತ್ತಾರೆ ಹಗ್ಗದ್ ಆ ತುದೀಗೆ ನೀವೇ ಬರ್ಬೇಕು."

ಚಲುವಯ್ಯನವರ ಹೆಂಡತಿಯನ್ನು ಮಬ್ಬಿನಲ್ಲಿ ಗದ್ದೆಗೆ ಬಾ ಎಂದು ನಮ್ಮ ಬೀದಿಯವರು ಕರೆದದ್ದು ಅದೇ ಮೊದಲು. ಪುಟ್ಟಗೌರಮ್ಮ ಎದ್ದು ಸೆರಗು ಸರಿಮಾಡಿಕೊಂಡು, "ಆಳು ಕಳಿಸ್ತೀನಿ" ಅಂದರು. "ಆಳು ಒಂದಿನ ಬತ್ತನೆ, ಇನ್ನೊಂದಿನ ಮಲೀಕತನೆ. ನಿಮ್ ಪೈರು ಕಣಮ್ಮೋರೆ" ಅಂದಳು ಅತ್ತೆ. ಅವರು ಹೋದರು. ಬರುವುದಿಲ್ಲ ಎಂದು ನಾನು, ಬರುತ್ತಾರೆ ಎಂದು ಅತ್ತೆ.

ಚಳಿ ಜೋರಾದ ಮೇಲೆ ಒಂದು ಬೆಳಗ್ಗೆ ಬಂದರು. ಗಂಡನ ಉಣ್ಣೆಯ ಶಾಲನ್ನು ತಲೆಯ ಮೇಲಿಂದ ಸುತ್ತಿಕೊಂಡು, ಚಪ್ಪಲಿ ಬದುವಿನ ಮೇಲೆ ಬಿಟ್ಟು, ಬರಿಗಾಲಲ್ಲಿ ಇಬ್ಬನಿಯ ಹುಲ್ಲು ತುಳಿದುಕೊಂಡು ಬಂದರು. ನಾನು ಬೂದಿಯ ಮಂಕರಿ ಹಿಡಿದು ನಿಂತಿದ್ದೆ, ಮರುದಿನ ನನ್ನ ರಜ ಮುಗಿಯುತ್ತಿತ್ತು. ಅತ್ತೆ ಗುದ್ದಲಿಯಿಂದ ಮಡಿಯ ಬಾಯಿ ಬಿಡಿಸಿ, ಕೈ ತೊಳೆದುಕೊಂಡು, ಹಗ್ಗದ ತುದಿಯನ್ನು ಪುಟ್ಟಗೌರಮ್ಮನವರ ಕೈಗೆ ಎಸೆದಳು. ಇನ್ನೊಂದು ತುದಿಯನ್ನು ತನ್ನ ಬಳೆಯಿಲ್ಲದ ಕೈಗೆ ಸುತ್ತಿಕೊಂಡಳು. ಇಬ್ಬರೂ ಆಚೆ ಈಚೆ ಬದುವಿನ ಮೇಲೆ ನಡೆದರು. ಹಗ್ಗ ಸವರಿದ ಕಡೆ ಇಬ್ಬನಿ ಉದುರಿ ಪೈರು ನೆಟ್ಟಗಾಗುತ್ತಿತ್ತು. ಪುಟ್ಟಗೌರಮ್ಮನವರಿಗೆ ಮೊದಮೊದಲು ಹದ ಸಿಗಲಿಲ್ಲ, ಹಗ್ಗ ಒಮ್ಮೆ ಜೋಲುತ್ತಿತ್ತು, ಒಮ್ಮೆ ಜಗ್ಗುತ್ತಿತ್ತು. ಅರ್ಧ ಮಡಿ ಆಗುವ ಹೊತ್ತಿಗೆ ಸುಸ್ತಾಗಿ ನಿಂತರು. ಕೈ ಬೆರಳಿಗೆ ಬಿಸಿ ಉಸಿರು ಊದಿಕೊಳ್ಳುತ್ತಾ ಕೇಳಿದರು.

"ಅಲ್ಲ ಚಿಕ್ಕಮಾದಮ್ಮ, ಇಷ್ಟ್ ವರ್ಷ ಈ ತುದಿ ಯಾರು ಹಿಡೀತಿದ್ರು?"

ನನಗೆ ಆ ಕ್ಷಣದವರೆಗೂ ಆ ಪ್ರಶ್ನೆ ಹೊಳೆದಿರಲಿಲ್ಲ.

"ನಮ್ಮೋರು ಕಣಮ್ಮೋರೆ," ಅಂದಳು ಅತ್ತೆ. "ಮದ್ವೆ ಆದ್ ವರ್ಸ್ದಿಂದ. ಒಂದಿನ ತಪ್ಪುಸ್ನಿಲ್ಲ. ಅವ್ರು ಓದ್ಮೇಲೆ ನನ್ ಕೈಗುಣ ಓಯ್ತು ಅಂತ ನಾನೂ ಅಂದ್ಕಂಡೆ, ನೀವೂ ಅಂದ್ಕಂಡ್ರಿ. ಕೈಗುಣ ಓಗಿರ್ನಿಲ್ಲ. ಅವ್ರು ಓಗಿದ್ರು, ಅಷ್ಟೆಯ."

ಪುಟ್ಟಗೌರಮ್ಮ ಶಾಲಿನ ಅಂಚಿನಿಂದ ಮೂಗು ಒರೆಸಿಕೊಂಡು, ಜೋತುಬಿದ್ದಿದ್ದ ಹಗ್ಗವನ್ನು ಎತ್ತಿ ಬಿಗಿಮಾಡಿದರು. ಇನ್ನೂ ಅರ್ಧ ಮಡಿ ಉಳಿದಿತ್ತು.